ವೆಂಕಟ ಸತ್ತ ಸುದ್ದಿ ತಂದವನು ನಾನು

ಮುನಿವೆಂಕಟಪ್ಪ ಸತ್ತನೆಂದು ಅವನ ತಾಯಿಗೆ ಹೇಳಿದವನು ನಾನೇ. ತಪ್ಪನ್ನು ಬೇರೆ ಯಾರ ತಲೆಗಾದರೂ ಕಟ್ಟೋಣವೆಂದರೆ ಅಲ್ಲಿ ಬೇರೆ ಯಾರೂ ಇರಲಿಲ್ಲ. ೧೯೫೪ರ ಜುಲೈ ತಿಂಗಳಲ್ಲಿ ಬೊಂಬಾಯಿಯಿಂದ ರೈಲಿನಲ್ಲಿ ಬಂದು, ಅವನ ಕರಿಯ ಕೋಟನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು, ನಾಯಂಡಹಳ್ಳಿಯ ಅವರ ಮನೆ ಜಗಲಿಯ ಮುಂದೆ ನಿಂತು ಹೇಳಿದೆ. ಐದು ವಾರ ಕಳೆದ ಮೇಲೆ ಅವನು ನಡೆದುಕೊಂಡು ಬಂದ.

ನನ್ನ ಹೆಸರು ಚನ್ನಕೇಶವ. ಹಗಲು ಗಿರಣಿಯಲ್ಲಿ ಕೆಲಸ, ಸಂಜೆ ದಂಡು ಎನ್ನುವ ಕಂಟೋನ್ಮೆಂಟಿನ ಕ್ಲಬ್ಬುಗಳಲ್ಲಿ ಡ್ರಮ್ ಬಾರಿಸುವುದು. ನಮ್ಮ ತಂದೆ ಮದುವೆ ಮೆರವಣಿಗೆಗಳ ಬ್ಯಾಂಡ್‌ಸೆಟ್ಟಿನಲ್ಲಿ ದೊಡ್ಡ ಡ್ರಮ್ ಹೊತ್ತವರು. ನನಗೆ ಕೈ ಅಲ್ಲಿಂದ ಬಂತು. ವೆಂಕಟನಿಗೆ ಎಲ್ಲಿಂದ ಬಂತೆಂದು ಕೇಳಿದರೆ ಹಾಲಿನಿಂದ ಎನ್ನಬೇಕು.

ಅವನ ತಾಯಿ ಮುನಿತಾಯಮ್ಮನಿಗೆ ವೃಷಭಾವತಿಯ ದಡದಲ್ಲಿ ತರಕಾರಿ ಬೆಳೆಯುವಷ್ಟು ನೆಲ, ಎರಡು ಎಮ್ಮೆ. ಗಂಡ ಬೇಗ ತೀರಿಕೊಂಡಿದ್ದ. ಇದ್ದ ಒಬ್ಬನೇ ಮಗ ವೆಂಕಟ ಚಿಕ್ಕವನಿದ್ದಾಗ ಮೈಸೂರು ರಸ್ತೆಯ ಒಂದು ಬಂಗಲೆಗೆ ದಿನವೂ ಹಾಲು ಕೊಟ್ಟು ಬರುತ್ತಿದ್ದ. ಅಲ್ಲಿ ರೈಲ್ವೆ ಗಾರ್ಡ್ ಒಬ್ಬನ ವಿಧವೆ, ವಯಸ್ಸಾದ ದೊರೆಸಾನಿ, ಮಕ್ಕಳಿಗೆ ಪಿಯಾನೋ ಹೇಳಿಕೊಡುತ್ತಿದ್ದಳು. ಇವನು ಕಿಟಕಿಯ ಹೊರಗೆ ನಿಂತು ಕೇಳುತ್ತಿದ್ದವನು ಒಂದು ದಿನ ಒಳಗೆ ಹೋಗಿ ಕೂತ. ತಾಯಿ ಬೇಡವೆಂದಳು. ಎಮ್ಮೆ ಮೇಯಿಸುವವರಾರು ಎಂದಳು. ಅವನು ಕೇಳಲಿಲ್ಲ. ಸ್ಕೂಲು ಬಿಡಬೇಡ ಎಂದರೆ ಬಿಟ್ಟ, ದಂಡಿಗೆ ಹೋಗಬೇಡ ಎಂದರೆ ಹೋದ, ಮದುವೆಯಾಗು ಎಂದರೆ ಆಗಲಿಲ್ಲ. ಆಕೆಯ ಬಾಯಿಂದ ನಾನು ಹೆಚ್ಚಾಗಿ ಕೇಳಿದ್ದು ಮಗನ ಮೇಲಿನ ದೂರನ್ನೇ, ಅದೂ ನಗುತ್ತಾ ಹೇಳುತ್ತಿದ್ದ ದೂರು.

ಯುದ್ಧದ ಕಾಲದಲ್ಲಿ ದಂಡಿಗೆ ಬಂದ ಅಮೆರಿಕದ ಸಿಪಾಯಿಗಳು ಜಾಝ್ ಸಂಗೀತದ ಗ್ರಾಮಫೋನ್ ತಟ್ಟೆಗಳನ್ನು ತಂದರು. ವೆಂಕಟ ಅವನ್ನು ಕೇಳಿ ಕೆಟ್ಟ. ಇಪ್ಪತ್ತನೆಯ ವಯಸ್ಸಿಗೆ ಕ್ಲಬ್ಬಿನಲ್ಲಿ ಪಿಯಾನೋ ನುಡಿಸುತ್ತಾ ಇಂಗ್ಲಿಷಿನಲ್ಲಿ ಹಾಡತೊಡಗಿದ. ಅಲ್ಲಿ ಅವನನ್ನು ವೆನ್ನಿ ಎನ್ನುತ್ತಿದ್ದರು. ಅವನ ಗಂಟಲು ಒಳ್ಳೆಯದೇನಲ್ಲ. ಆದರೆ ನಾನು ಹಿಡಿದ ತಾಳಕ್ಕಿಂತ ಒಂದು ಕೂದಲೆಳೆ ಹಿಂದೆ ಹಾಡುತ್ತಿದ್ದ. ಇನ್ನೇನು ತಪ್ಪಿದ ಅನ್ನುವಾಗ ಬಂದು ಸೇರುತ್ತಿದ್ದ. ಆ ಒಂದು ಎಳೆಗಾಗಿ ಜನ ಅವನನ್ನು ಕೇಳಲು ಬರುತ್ತಿದ್ದರು. ದೊರೆಸಾನಿ ನಲವತ್ತೆಂಟರಲ್ಲಿ ಬಿಲಾಯತಿಗೆ ಹೊರಟಾಗ ತನ್ನ ಪಿಯಾನೋವನ್ನು ಅವನಿಗೇ ಕೊಟ್ಟಳು. ಅದನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದೆವು. ಮನೆಯ ಬಾಗಿಲಲ್ಲಿ ಹಿಡಿಸದೆ ಕೊಟ್ಟಿಗೆಗೆ ಸೇರಿಸಿ ಗೋಣಿ ಹೊದಿಸಿದೆವು. ಮುನಿತಾಯಮ್ಮ ಅದನ್ನು ಎಮ್ಮೆಯ ಕೊಂಬಿನಿಂದ ಕಾಪಾಡಲು ಬಿದಿರು ತಡಿಕೆ ಕಟ್ಟಿದಳು. ಮಗ ನುಡಿಸಿದ್ದನ್ನು ಕೇಳಲು ಮಾತ್ರ ಒಂದು ದಿನವೂ ಒಳಗೆ ಬರಲಿಲ್ಲ.

ಐವತ್ತನಾಲ್ಕರ ಬೇಸಗೆಯಲ್ಲಿ ಬೊಂಬಾಯಿಯ ಹೋಟೆಲೊಂದು ನಮ್ಮಿಬ್ಬರನ್ನೂ ಕರೆಸಿಕೊಂಡಿತು. ಮಳೆ ಹಿಡಿದ ಮೇಲೆ ವೆಂಕಟನಿಗೆ ಟೈಫಾಯಿಡ್ ಬಂತು. ಆಸ್ಪತ್ರೆಯವರು ಒಳಗೆ ಬಿಡುತ್ತಿರಲಿಲ್ಲ. ದಿನವೂ ಬಾಗಿಲಲ್ಲಿ ನಿಂತು ಹದಿನಾಲ್ಕನೆಯ ಮಂಚದವನು ಹೇಗಿದ್ದಾನೆ ಎಂದು ಕೇಳಿ ಬರುತ್ತಿದ್ದೆ. ಒಂದು ಬೆಳಗ್ಗೆ, ಹೋದ ಎಂದರು. ಬಿಳಿಯ ಬಟ್ಟೆ ಸುತ್ತಿದ ದೇಹವನ್ನು ತೋರಿಸಿ, ಮುಖ ನೋಡುತ್ತೀರಾ ಎಂದರು. ನಾನು ನೋಡಲಿಲ್ಲ. ಅಂಟುತ್ತದೆಂಬ ಹೆದರಿಕೆ ಒಂದು, ಅವನ ಮುಖವನ್ನು ಹಾಗೆ ನೋಡಲಾರೆನೆಂಬ ಸಂಕಟ ಒಂದು. ಯಾವುದು ಹೆಚ್ಚಿತ್ತು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಸಂಜೆಯೊಳಗೆ ಸುಟ್ಟು ಮುಗಿಸಿದೆ.

ಹಿಂದಿನ ದಿನವೇ ವೆಂಕಟನನ್ನು ಇನ್ನೊಬ್ಬನ ಮಂಚಕ್ಕೆ ಹಾಕಿ, ಆ ಇನ್ನೊಬ್ಬನನ್ನು ಇವನ ಜಾಗಕ್ಕೆ ತಂದು, ಮಂಚಗಳ ಮೇಲಿನ ಹೆಸರಿನ ಚೀಟಿಗಳನ್ನು ಮಾತ್ರ ಹಾಗೇ ಬಿಟ್ಟಿದ್ದರು. ಇಷ್ಟೇ ನಡೆದದ್ದು. ಇಷ್ಟು ತಿಳಿಯಲು ಒಂದು ಕ್ಷಣ ಬಟ್ಟೆ ಎತ್ತಿದ್ದರೆ ಸಾಕಾಗಿತ್ತು.

ಮುನಿತಾಯಮ್ಮ ಸುದ್ದಿ ಕೇಳಿ ಅಳಲಿಲ್ಲ. "ಸುಟ್ರಾ?" ಎಂದು ಮಾತ್ರ ಕೇಳಿದಳು.

"ಹೂಂ ಅಮ್ಮ. ಅಲ್ಲಿ ಬೇರೆ ದಾರಿ ಇರಲಿಲ್ಲ."

"ನಮ್ಮೋರನ್ನ ಮಣ್ಣು ಮಾಡ್ತಾರೆ, ಸುಡಾಕಿಲ್ಲ" ಎಂದಳು. ನನ್ನ ಕಂಕುಳಿನ ಕೋಟನ್ನು ನೋಡಿದಳು. "ಅದ ಕೊಡಪ್ಪ."

ಆ ಕೋಟನ್ನು ಅವರ ಹೊಲದಲ್ಲಿ, ಅವನ ಅಪ್ಪನ ಸಮಾಧಿಯ ಪಕ್ಕ, ಆಳುದ್ದದ ಗುಂಡಿ ತೋಡಿ ಹೂತರು. ವೆಂಕಟನ ದೊಡ್ಡಪ್ಪ ರಾಮಯ್ಯ ಮುಂದೆ ನಿಂತು ಎಲ್ಲ ನಡೆಸಿದ. ಮೂರನೆಯ ದಿನ ಮಣ್ಣಿನ ಮೇಲೆ ಹಾಲು ತುಪ್ಪ ಬಿಟ್ಟರು. ಆಗ ಮುನಿತಾಯಮ್ಮ ಮಂಡಿಯೂರಿ ಕೂತು, ಎರಡು ಕೈಗಳನ್ನೂ ಮಣ್ಣಿನ ಮೇಲಿಟ್ಟು, ಹಾಡಿಕೊಂಡು ಅತ್ತಳು. ಅವರಲ್ಲಿ ಹೆಂಗಸರು ಸತ್ತವರನ್ನು ಹಾಗೆ ಹಾಡಿ ಅಳುತ್ತಾರೆ. ಮಾತು ಆಗಲೇ ಹುಟ್ಟುತ್ತದೆ, ಆ ಹಾಡನ್ನು ಇನ್ನೊಮ್ಮೆ ಯಾರೂ ಹಾಡುವುದಿಲ್ಲ.

ಹಾಲಿನ ತಂಬಿಗೆ ಹೊತ್ಕೊಂಡೋದ ಮಗನೆ,
ನೊರೆ ಆರೋದ್ರೊಳಗೆ ಬತ್ತೀನಂದೆ ಮಗನೆ,
ನೊರೆ ಆರ್ತು, ಹಾಲ್ ಆರ್ತು, ಒಲೆ ಆರ್ತು ಮಗನೆ...

ನಾನು ತಾಳದವನು, ಎಲ್ಲಿ ಯಾರು ಹಾಡಿದರೂ ಬೆರಳು ತೊಡೆಯ ಮೇಲೆ ಆಡುತ್ತದೆ. ಅಂದೂ ಆಡಿತು, ನಾಚಿಕೆಯಾಗಿ ಕೈ ಕಟ್ಟಿಕೊಂಡೆ. ಅಷ್ಟರಲ್ಲಿ ಒಂದು ವಿಷಯ ತಿಳಿದುಹೋಗಿತ್ತು. ಆಕೆ ತಾಳಕ್ಕಿಂತ ಒಂದು ಎಳೆ ಹಿಂದೆ ಹಾಡುತ್ತಿದ್ದಳು. ವೆಂಕಟನಿಗೆ ಅದನ್ನು ಅಮೆರಿಕದ ತಟ್ಟೆಗಳು ಕಲಿಸಿದ್ದಲ್ಲ.

ಹನ್ನೊಂದನೆಯ ದಿನ ತಿಥಿ. ಅವನಿಗಿಷ್ಟವಾದ ಮುದ್ದೆ, ಹುರುಳಿ ಬಸ್ಸಾರು, ಒಂದು ಪೊಟ್ಟಣ ಸಿಗರೇಟು ಎಲ್ಲ ಎಲೆಯ ಮೇಲಿಟ್ಟು ಎಡೆ ಹಾಕಿದರು. ಕಾಗೆ ಮುಟ್ಟಿದರೆ ಸತ್ತವನು ಒಪ್ಪಿಕೊಂಡ ಎಂದು ಲೆಕ್ಕ. ಕೆಲವು ಮನೆಗಳಲ್ಲಿ ಮಧ್ಯಾಹ್ನದವರೆಗೆ ಕಾಯಬೇಕಾಗುತ್ತದೆ. ಇಲ್ಲಿ ಎಲ್ಲರೂ ಹಿಂದೆ ಸರಿಯುವ ಮುಂಚೆಯೇ ಒಂದು ಕಾಗೆ ಇಳಿದು, ಮುದ್ದೆಯನ್ನು ಕುಕ್ಕಿ, ನಮ್ಮನ್ನೆಲ್ಲ ಒಂದು ಸುತ್ತು ನೋಡಿ ಹಾರಿಹೋಯಿತು. ಮುನಿತಾಯಮ್ಮನ ಮುಖ ಆವತ್ತು ಮೊದಲ ಸಲ ಸಡಿಲಾಯಿತು. ಮಗ ಊಟ ಮಾಡಿ ಹೋದನೆಂದು ಆಕೆ ನಂಬಿದಳು, ಆ ನಂಬಿಕೆಯ ಮೇಲೆ ಒಂದಿಷ್ಟು ನಿದ್ದೆಯನ್ನೂ ಮಾಡಿದಳು.

ಅವನು ಬಂದದ್ದು ಆಗಸ್ಟಿನ ಕೊನೆಯ ವಾರ, ನಡು ಮಧ್ಯಾಹ್ನ. ಸಿಟಿ ಸ್ಟೇಷನ್ನಿನಿಂದ ಮೈಸೂರು ರಸ್ತೆಯುದ್ದಕ್ಕೂ ನಡೆದಿದ್ದ. ಕೂದಲು ಉದುರಿ, ಕೆನ್ನೆ ಇಂಗಿ, ಯಾರದೋ ದೊಗಳೆ ಅಂಗಿ ತೊಟ್ಟಿದ್ದ. ಹಳ್ಳಿಯಲ್ಲಿ ಯಾರೂ ಕಿರುಚಲಿಲ್ಲವಂತೆ. ಅವನು ಮುಂದೆ ಹೋದ ಹಾಗೆಲ್ಲ ಮನೆಗಳ ಬಾಗಿಲು ಒಂದೊಂದಾಗಿ ಮುಚ್ಚಿಕೊಂಡವಂತೆ, ಅಷ್ಟೇ. ಮುನಿತಾಯಮ್ಮ ಜಗಲಿಯ ಮೇಲೆ ಮೊರದಲ್ಲಿ ಅಲಸಂದೆ ಬಿಡಿಸುತ್ತಿದ್ದಳು. ತಲೆಯೆತ್ತಿ ಬಹಳ ಹೊತ್ತು ನೋಡಿದಳು.

"ಯಾರಪ್ಪ ನೀನು?"

"ನಾನಮ್ಮ. ವೆಂಕಟ."

"ನನ್ ಮಗ ಉಂಡ್ಕೊಂಡು ಹೋದ. ಕಣ್ಣಾರೆ ನೋಡಿವ್ನಿ" ಎಂದು ಮೊರ ಎತ್ತಿಕೊಂಡು ಒಳಗೆ ಹೋಗಿ ಅಗುಳಿ ಹಾಕಿದಳು.

ಕತ್ತಲಾಗುವವರೆಗೂ ಅವನು ಜಗಲಿಯ ಕೆಳಗೆ ಕೂತಿದ್ದ. ಮಾರನೆಯ ಬೆಳಗ್ಗೆ ರಾಜಾಜಿನಗರದ ನನ್ನ ಬಾಡಿಗೆ ಮನೆಯ ಬಾಗಿಲಲ್ಲಿದ್ದ. ಆಗ ಅಲ್ಲಿ ನಾಲ್ಕು ಮನೆ, ನಲವತ್ತು ಖಾಲಿ ಸೈಟು. ಯಾರು ಬಂದರೂ ದೂರದಿಂದಲೇ ಕಾಣುತ್ತಿದ್ದರು. ಅವನು ಬರುವುದನ್ನು ಅಷ್ಟು ದೂರದಿಂದ ನೋಡುತ್ತಾ ನಿಂತ ನನಗೆ ಓಡಿಹೋಗಿ ತಬ್ಬಿಕೊಳ್ಳಬೇಕು ಅನ್ನಿಸಲಿಲ್ಲ.

"ನನ್ನ ಕೋಟೆಲ್ಲೋ ಚನ್ನ?" ಎಂದು ಕೇಳಿದ. ಅವನು ಕೇಳಿದ ಮೊದಲ ಮಾತು ಅದು.

ಹೂತಿದ್ದೇವೆ ಎಂದು ಹೇಳಬೇಕಾಯಿತು. ಅವನು ನಕ್ಕ. ನಗು ಅವನದೇ, ಅದೇ ಸೊಟ್ಟ ನಗು. ಆಸ್ಪತ್ರೆಯವರು ಕೊಟ್ಟ ಕಾಗದ ತೋರಿಸಿದ. ಅದರಲ್ಲಿ ನಾನು ಸುಟ್ಟವನ ಹೆಸರಿತ್ತು. ಇದು ನಾನಲ್ಲ ಎಂದರೆ ಜ್ವರದ ಬಡಬಡಿಕೆ ಎಂದರಂತೆ. ಆ ಹೆಸರಿನಲ್ಲೇ ಔಷಧ ಕುಡಿದು, ಆ ಹೆಸರಿನಲ್ಲೇ ಹೊರಗೆ ಬಂದಿದ್ದ. ಒಂದು ಕಾರ್ಡು ಬರೆಯಲೂ ಕೈಯಲ್ಲಿ ಬಲವಿರಲಿಲ್ಲ ಎಂದ.

ನಮ್ಮ ಮನೆಯಲ್ಲೇ ಉಳಿದ. ನನ್ನ ಹೆಂಡತಿ ವಿಮಲಮ್ಮ ಯಾರಿಗೂ ಹೆದರುವವಳಲ್ಲ. ಅವಳೂ ಅವನ ತಟ್ಟೆಯನ್ನು ನೆಲದ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದಳು. ಅವನು ಅದನ್ನು ಗಮನಿಸಿ, ಗಮನಿಸದವನಂತೆ ಉಣ್ಣುತ್ತಿದ್ದ. ಕ್ಲಬ್ಬಿನವರು ಮತ್ತೆ ಕೆಲಸ ಕೊಟ್ಟರು. ಅವರಿಗೆ ತಿಥಿಯ ಹಂಗೇನು. ಆದರೆ ಅಲ್ಲೂ ಏನೋ ಕೆಟ್ಟಿತ್ತು. ತಾಳಕ್ಕಿಂತ ಹಿಂದೆ ಹಾಡುತ್ತಿದ್ದ ಆ ಒಂದು ಎಳೆ ಈಗ ಉದ್ದವಾಗಿತ್ತು. ತುಟಿ ಆಡಿದ ಮೇಲೆ ದನಿ ಬರುತ್ತಿದೆಯೇನೋ ಎನ್ನಿಸುತ್ತಿತ್ತು. ಕುಣಿಯುತ್ತಿದ್ದವರು ನಿಂತುಬಿಡುತ್ತಿದ್ದರು. ಹಿಂದೆ ಕೂತು ಡ್ರಮ್ ಬಾರಿಸುತ್ತಿದ್ದ ನಾನು, ಈ ಸಲ ಬಂದು ಸೇರುತ್ತಾನೋ ಇಲ್ಲವೋ ಎಂದು ಉಸಿರು ಹಿಡಿಯುತ್ತಿದ್ದೆ.

"ನಾನೇ ಅನ್ನೋದು ನಂಗೇ ಸರಿಯಾಗಿ ಗೊತ್ತಾಗ್ತಿಲ್ಲ ಕಣೋ" ಎಂದು ಒಮ್ಮೆ ಹೇಳಿದ. "ಅಮ್ಮ ಒಂದು ಸಲ ವೆಂಕಟ ಅಂತ ಕರೆದ್ರೆ ಸಾಕು. ಸರಿಹೋಗ್ತೀನಿ."

ಪ್ರತಿ ಭಾನುವಾರ ನಾಯಂಡಹಳ್ಳಿಗೆ ಹೋಗುತ್ತಿದ್ದ. ಬಾಗಿಲು ತೆರೆಯುತ್ತಿರಲಿಲ್ಲ. ವಾಪಸು ಬಂದು ಮಲಗುತ್ತಿದ್ದ.

ಅಕ್ಟೋಬರಿನ ಒಂದು ಬೆಳಗ್ಗೆ ಖಾಲಿ ಕ್ಲಬ್ಬಿನಲ್ಲಿ ಅಭ್ಯಾಸ ಮಾಡುತ್ತಿದ್ದೆವು. ಅವನು ಹೊಸದೊಂದು ಧಾಟಿ ಹಿಡಿದ. ನಿಧಾನ, ಎಡಗೈಯಲ್ಲಿ ಎರಡೇ ಸ್ವರ. ನನ್ನ ಬೆರಳು ಅದನ್ನು ನನಗಿಂತ ಮೊದಲು ಗುರುತಿಸಿತು. ಆಮೇಲೆ ಬಾಯಿಬಿಟ್ಟು ಹಾಡಿದ. ನೊರೆ ಆರ್ತು, ಹಾಲ್ ಆರ್ತು, ಒಲೆ ಆರ್ತು ಮಗನೆ. ನನ್ನ ಕೈಯಿಂದ ಕೋಲು ಜಾರಿ ನೆಲದ ಮೇಲೆ ಉರುಳಿತು.

"ಇದ್ಯಾರು ಹೇಳಿದ್ರು ನಿಂಗೆ?"

"ಯಾರೂ ಹೇಳಲಿಲ್ಲ. ಆಸ್ಪತ್ರೇಲಿ ಯಾರೋ ಹೆಂಗಸು ಅಳ್ತಿದ್ಲು. ಕನ್ನಡದಲ್ಲಿ. ಹೋಗ್ತಾ ಇದ್ದೋನು ಅದನ್ನ ಕೇಳಿ ನಿಂತೆ."

"ಎಲ್ಲಿಗೆ ಹೋಗ್ತಾ ಇದ್ದೆ?"

ಅವನು ಬಗ್ಗಿ ಕೋಲನ್ನೆತ್ತಿ ನನ್ನ ಕೈಗಿಟ್ಟ. ಅದು ಗಂಡಸರ ವಾರ್ಡು. ಆ ದಿನ ಜ್ವರ ಇಳಿಯಿತು ಎಂದ. ಮನೆಗೆ ಬಂದು ಆಸ್ಪತ್ರೆಯ ಕಾಗದ ತೆಗೆದು ನೋಡಿದೆ. ಜ್ವರ ಇಳಿದದ್ದೆಂದು ಬರೆದಿದ್ದ ತಾರೀಖು ನಾವು ಹೊಲದಲ್ಲಿ ಹಾಲು ತುಪ್ಪ ಬಿಟ್ಟ ತಾರೀಖು. ಆ ಹಾಡಿನ ಪದಗಳನ್ನು ನಾನು ಅವನೆದುರು ಒಮ್ಮೆಯೂ ಆಡಿರಲಿಲ್ಲ, ವಿಮಲಮ್ಮನಿಗೂ ಹೇಳಿರಲಿಲ್ಲ. ಹಳ್ಳಿಯವರು ಅವನೊಡನೆ ಮಾತೇ ಆಡುತ್ತಿರಲಿಲ್ಲ. ಇದಕ್ಕೆ ನನ್ನಲ್ಲಿ ವಿವರಣೆ ಇಲ್ಲ. ಇದೆ ಎನ್ನುವವರು ನನ್ನ ಹತ್ತಿರ ಬರುವುದು ಬೇಡ.

ಮೈ ಜುಂ ಎಂದದ್ದು ಇಳಿದ ಮೇಲೆ ನನಗೆ ಸಂತೋಷವೇ ಆಯಿತು, ಹೇಳಿಬಿಡುತ್ತೇನೆ. ತಾಯಿ ಕರೆದದ್ದನ್ನು ಮಗ ಕೇಳಿದ್ದಾನೆ. ಕೇಳಿ, ಹೋಗುತ್ತಿದ್ದವನು ನಿಂತಿದ್ದಾನೆ. ಇದಕ್ಕಿಂತ ಬೇರೆ ಸಾಕ್ಷಿ ಯಾರಿಗೆ ಬೇಕು ಎಂದುಕೊಂಡೆ. ಅದೇ ವಾರ ರಾಮಯ್ಯನ ಬಳಿ ಹೋದೆ. ಅವನು ತಲೆ ಕೆರೆದುಕೊಂಡು, ತಿಥಿ ಆದವನು ಬದುಕಿ ಬಂದರೆ ಹೊಸದಾಗಿ ಹುಟ್ಟಬೇಕು ಎಂದ. ಎಳೆಮಗುವಿನ ಹಾಗೆ ಮೊರದಲ್ಲಿ ಕೂರಿಸಿ, ಹೆತ್ತವಳು ಮೂರು ಸಲ ಕಿವಿಯಲ್ಲಿ ಹೆಸರು ಕೂಗಬೇಕು. ಹಾಗೆ ಕೂಗಿದರೆ ಊರೂ ಒಪ್ಪುತ್ತದೆ.

"ಅವಳು ಕೂಗ್ತಾಳೇನಪ್ಪ?" ಎಂದ.

"ಹಾಡು ಕೇಳಿದ್ರೆ ಕೂಗ್ತಾರೆ" ಎಂದೆ. ಎಷ್ಟು ಧೈರ್ಯ ನನಗೆ.

ಭಾನುವಾರ ಹನ್ನೊಂದು ಗಂಟೆಗೆ ಕೊಟ್ಟಿಗೆಯ ಗೋಣಿ ತೆಗೆದೆವು. ಪಿಯಾನೋದ ಒಳಗೆ ಗೆದ್ದಲು ಸೇರಿತ್ತು. ಅರ್ಧ ಸ್ವರ ಸತ್ತಿತ್ತು, ಉಳಿದದ್ದು ಕೆಮ್ಮುತ್ತಿತ್ತು. ಅಂಗಳದಲ್ಲಿ ಅರಿಸಿನ ಹಚ್ಚಿದ ಹೊಸ ಮೊರ. ಊರಿನವರು ಬೇಲಿಯ ಆಚೆ ನಿಂತಿದ್ದರು, ಒಳಗೆ ಯಾರೂ ಬರಲಿಲ್ಲ. ಎಮ್ಮೆಗಳನ್ನು ಹೊರಗೆ ಕಟ್ಟಿದ್ದೆವು. ವೆಂಕಟ ಹಾಲು ಕರೆಯುವ ಮಣೆಯ ಮೇಲೆ ಕೂತು ನುಡಿಸಿ ಹಾಡಿದ. ಇಂಗ್ಲಿಷಿನ ಒಯ್ಯಾರ ಒಂದಿಷ್ಟೂ ಇಲ್ಲದೆ, ತಾಯಿ ಹಾಡಿದ ಹಾಗೇ, ಅದೇ ಎಳೆಯಷ್ಟು ಹಿಂದೆ.

ಎರಡನೆಯ ಸಾಲಿಗೆ ಬಾಗಿಲು ತೆರೆಯಿತು. ಮುನಿತಾಯಮ್ಮ ನಡೆದು ಬಂದು ತಡಿಕೆಯ ಪಕ್ಕ ನಿಂತಳು. ಕೊನೆಯವರೆಗೂ ಕೇಳಿದಳು. ಆಮೇಲೆ ಹತ್ತಿರ ಹೋಗಿ ಅವನ ಹಣೆ, ಮೂಗು, ಗಲ್ಲ ಒಂದೊಂದನ್ನೇ ಮುಟ್ಟಿ ನೋಡಿದಳು. ಗೆದ್ದೆವು ಎಂದುಕೊಂಡೆ.

"ನನ್ ಮಗಾನೇ" ಎಂದಳು.

"ಹೂಂ ಅಮ್ಮ."

"ಅದು ನಾನು ಮಣ್ಣೊಳಗಿರೋನಿಗೆ ಹಾಡಿದ್ದು. ಬದುಕಿರೋರಿಗೆ ಅದು ಕೇಳ್ಸಾಕಿಲ್ಲ ಕಣಪ್ಪ. ನಿಂಗೆ ಕೇಳ್ಸೈತೆ." ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಜ್ವರದ ಮಗುವಿಗೆ ಹೇಳುವ ಹಾಗೆ ಹೇಳುತ್ತಿದ್ದಳು. "ನಾನೇ ಅತ್ತೂ ಅತ್ತೂ ನಿನ್ನ ತಡ್ದುಬಿಟ್ಟೆ. ತಪ್ಪು ನಂದು. ನೀನು ಇಲ್ಲಿ ನಿಂತ್ಕಬಾರ್ದು ಮಗ. ಹೋಗು. ತಿರುಗಿ ನೋಡ್ಬೇಡ."

ವೆಂಕಟ ಮೊರದ ಕಡೆ ನೋಡಿದ, ತಾಯಿಯ ಕಡೆ ನೋಡಿದ. ಎದ್ದು, ಪಿಯಾನೋದ ಮುಚ್ಚಳ ಹಾಕಿ, ಹೊರಟ.

ಅವನ ಮುಂದಿನ ಬಾಳಿನ ಬಗ್ಗೆ ನನಗೆ ತಿಳಿದಷ್ಟನ್ನು ಇಲ್ಲೇ ಹೇಳಿ ಮುಗಿಸುತ್ತೇನೆ, ಏಕೆಂದರೆ ನನ್ನ ಮನಸ್ಸು ಅಂದು ಅವನು ಹೊರಟ ದಾರಿಯನ್ನು ಬಿಟ್ಟು ಮುಂದೆ ಹೋಗುವುದೇ ಇಲ್ಲ. ಮದರಾಸಿನಲ್ಲಿ ಕೆಲವು ತಿಂಗಳು ನುಡಿಸಿದ. ಅಲ್ಲಿಂದ ಕಲ್ಕತ್ತೆಗೆ ಹೋದ. ಐವತ್ತೆಂಟರಲ್ಲಿ ಅಲ್ಲಿಂದ ಬಂದ ಗೋವೆಯ ಕಹಳೆಯವನೊಬ್ಬ ಹೇಳಿದ: ಒಬ್ಬ ಪಿಯಾನೋದವನಿದ್ದಾನೆ, ಚೆನ್ನಾಗಿ ಹಾಡುತ್ತಾನೆ, ಜನ ಬರುತ್ತಾರೆ, ಆದರೆ ಸಂಬಳದ ಪುಸ್ತಕದಲ್ಲಿ ರುಜು ಹಾಕು ಎಂದರೆ ಪ್ರತಿ ತಿಂಗಳೂ ಬೇರೆ ಹೆಸರು ಬರೆಯುತ್ತಾನೆ ಎಂದು. ನಾನು ಎರಡು ಕಾಗದ ಬರೆದೆ. ಯಾವ ಹೆಸರಿಗೆ ಬರೆಯುವುದು? ಎರಡೂ ವಾಪಸು ಬಂದವು.

ಆ ಭಾನುವಾರ ಅವನ ಹಿಂದೆ ಓಡಿದೆ. ಮೈಸೂರು ರಸ್ತೆಯ ಹುಣಸೆಮರಗಳ ಹತ್ತಿರ ಸಿಕ್ಕ. ತೋಳು ಹಿಡಿದೆ. ಬಿಸಿಲಿನಲ್ಲಿ ನಡೆದು ಬಂದಿದ್ದರೂ ತೋಳು ತಣ್ಣಗಿತ್ತು.

"ಮನೆಗೆ ಬಾರೋ. ಮುದುಕಿ ಮಾತು ಹಿಡ್ಕೊಂಡು ಎಲ್ಲಿಗೆ ಹೋಗ್ತೀಯ?"

"ಚನ್ನ, ಬೊಂಬಾಯಲ್ಲಿ ನೀನು ಮುಖ ನೋಡಿದ್ಯಾ?"

ನೋಡಿದ್ದೆ, ನೀನಲ್ಲ ಎಂದು ಹೇಳಬಹುದಾಗಿತ್ತು. ಹಾಗೆ ಹೇಳಿದ್ದರೆ, ಮತ್ತೆ ಯಾಕೆ ಸತ್ತ ಎಂದು ಹೇಳಿದೆ ಎಂದು ಕೇಳುತ್ತಿದ್ದ. ಇಲ್ಲವೆಂದು ತಲೆಯಾಡಿಸಿದೆ.

"ಹಾಗಿದ್ರೆ ಅಮ್ಮಂಗೆ ಗೊತ್ತಿರೋಷ್ಟೂ ನಿಂಗೆ ಗೊತ್ತಿಲ್ಲ" ಎಂದು ನನ್ನ ಕೈಯನ್ನು ಮೆಲ್ಲಗೆ ಬಿಡಿಸಿದ. ಸಿಟಿಯ ಕಡೆಗೆ ಬಸ್ಸು ಬಂತು. ಹತ್ತಿದ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಅವನ ಬೆನ್ನು ಕಾಣುತ್ತಿತ್ತು.

ವಾಪಸು ಹೋದೆ. ಆಕೆಯನ್ನು ಬೈಯಬೇಕೆಂದೇ ಹೋದೆ. ಊರಿನವರು ಚದುರಿದ್ದರು. ಮುನಿತಾಯಮ್ಮ ಅಂಗಳ ದಾಟಿ, ಬೇಲಿ ದಾಟಿ, ರಸ್ತೆ ಕಾಣುವ ದಿಬ್ಬದ ಮೇಲೆ ಸೆರಗನ್ನು ಬಾಯಿಗೊತ್ತಿಕೊಂಡು ನಿಂತಿದ್ದಳು.

"ತಿರುಗಿ ನೋಡ್ದನಾ?" ಎಂದಳು.

"ಇಲ್ಲ."

"ಒಂದ್ಸಲಾನೂ?"

"ಇಲ್ಲಮ್ಮ. ನೀವೇ ಅಲ್ವಾ ನೋಡಬೇಡ ಅಂದಿದ್ದು?"

"ಅಂದೆ. ನೋಡಿದ್ದಿದ್ರೆ ಹೆಸರಿಡ್ದು ಕೂಗ್ತಿದ್ದೆ." ಆಕೆ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ನನ್ ವೆಂಕಟ ಬದುಕಿದ್ದಾಗ ನಾನ್ ಹೇಳಿದ್ ಮಾತು ಒಂದಿನಾನಾದ್ರೂ ಕೇಳಿದ್ನಾ, ನೀನೇ ಹೇಳಪ್ಪ."

ನಾನು ಆಕೆಯ ಪಕ್ಕದಲ್ಲಿ ನಿಂತುಕೊಂಡೆ. ರಸ್ತೆಯ ಮೇಲೆ ಆ ಹೊತ್ತಿನಲ್ಲಿ ಯಾರೂ ಇರಲಿಲ್ಲ.